ಅವ್ವನ ಒಲೆ, ರಾಣಿಖೇತದ ಕಾಯಿ

ಪೈನ್ ನಮ್ಮ ಸೀಮೆಯ ಮರವಲ್ಲ. ಮಕ್ತಲದಿಂದ ನಾರಾಯಣಪೇಟೆಯ ಕಡೆ ಹೊರಟರೆ ಬೇವು, ಹುಣಸೆ, ಬಳ್ಳಾರಿ ಜಾಲಿ, ನಡುನಡುವೆ ತೊಗರಿ ಹೊಲ. ಕೃಷ್ಣೆಯತ್ತ ಇಳಿದರೆ ಭತ್ತ. ಜೂರಾಲಾ ಅಣೆಕಟ್ಟೆಯ ಮೇಲೆ ಹಾಯ್ದು ಗದ್ವಾಲಕ್ಕೆ ಹೋದರೆ ಬೀಜಕ್ಕಾಗಿ ಬೆಳೆಯುವ ಹತ್ತಿ. ಇಂಥ ನೆಲಕ್ಕೆ ಹಿಮಾಲಯದ ರಾಣಿಖೇತದಿಂದ ಪೈನ್ ಕಾಯಿಯೊಂದು ಬಂದು, ನಮ್ಮ ಬಚ್ಚಲ ಒಲೆಯಲ್ಲಿ ಲೋಬಾನದ ವಾಸನೆ ಬಿಡುತ್ತ ಉರಿಯಿತು ಅಂದರೆ ಮನೆಯ ಈಗಿನ ಮಕ್ಕಳು ನಂಬುವುದಿಲ್ಲ. ನಾನು ಅವ್ವನ ಪಕ್ಕದಲ್ಲಿ ಕೂತು ಆ ಕಾಯಿಗಳನ್ನು ಮೇಣದಲ್ಲಿ ಅದ್ದಿದವಳು. ಒಲೆ ಹಚ್ಚುವ ಕೆಲಸಕ್ಕೆ ಅವ್ವ ಎಷ್ಟು ಬೆಲೆ ಕೊಡುತ್ತಿದ್ದಳು ಅನ್ನುವುದು ನನಗೆ ಪೂರ್ತಿ ತಿಳಿದದ್ದು ಆಗಲೇ.

ನಮ್ಮ ಮನೆಯಲ್ಲಿ ಎರಡು ಒಲೆ ಇದ್ದವು. ಅಡುಗೆಮನೆಯದು ರೊಟ್ಟಿಗೆ, ಸಾರಿಗೆ. ಬಚ್ಚಲಿನದು ಹಂಡೆ ನೀರಿಗೆ. ಉರುವಲು ಹೊಲದಿಂದಲೇ ಬರುತ್ತಿತ್ತು. ಸಂಕ್ರಾಂತಿಯ ಆಸುಪಾಸಿನಲ್ಲಿ ತೊಗರಿ ಬಡಿದ ಮೇಲೆ ತೊಗರಿ ಕಟ್ಟಿಗೆ, ಹತ್ತಿ ಬಿಡಿಸಿ ಮುಗಿದ ಮೇಲೆ ಹತ್ತಿ ಕಟ್ಟಿಗೆ, ವರ್ಷವಿಡೀ ಜಾಲಿ ಮತ್ತು ಕುಳ್ಳು. ಇವು ಒಂದೊಂದರ ಉರಿ ಒಂದೊಂದು ಥರ. ತೊಗರಿ ಕಟ್ಟಿಗೆ ಹಗುರ, ಭಗ್ಗನೆ ಹತ್ತಿ ಬೇಗ ಮುಗಿಯುತ್ತದೆ. ರೊಟ್ಟಿ ಹಂಚಿಗೆ ಅದೇ ಆಗಬೇಕು. ಹತ್ತಿ ಕಟ್ಟಿಗೆ ಸ್ವಲ್ಪ ಹೆಚ್ಚು ತಾಳುತ್ತದೆ. ಜಾಲಿ ಗಟ್ಟಿ ಕೆಂಡ ಕೊಡುತ್ತದೆ. ಕುಳ್ಳಿನದು ಸಣ್ಣ ಉರಿ, ಹಾಲಿನ ಗಡಿಗೆಯ ಕೆಳಗೆ ಮಧ್ಯಾಹ್ನದ ತನಕ ಮಲಗಿರುತ್ತದೆ. ಹಳ್ಳಿಯಲ್ಲಿ ಬೆಳೆದ ಹೆಣ್ಣುಮಕ್ಕಳಿಗೆಲ್ಲ ಇದು ಗೊತ್ತು. ಆದರೆ ಉರುವಲಿಗೆ ಮೊದಲ ಬೆಂಕಿ ತಾಗಿಸುವುದು ಬೇರೆ ಕೆಲಸ, ಮಳೆಗಾಲದಲ್ಲಂತೂ ಕಷ್ಟದ ಕೆಲಸ. ಕಟ್ಟಿಗೆ ತಂಪು ಹಿಡಿದಿರುತ್ತದೆ, ಕುಳ್ಳು ಬೂಷ್ಟು ಹಿಡಿದಿರುತ್ತದೆ. ಓಣಿಯ ಬಹಳ ಮನೆಗಳಲ್ಲಿ ರೇಷನ್ನಿನ ಚಿಮಣಿ ಎಣ್ಣೆ ಸುರಿದು ಕಡ್ಡಿ ಗೀರುತ್ತಿದ್ದರು. ಅವ್ವ ಎಂದೂ ಸುರಿಯಲಿಲ್ಲ.

"ಮೊದಲನೆ ಹೊಗಿ ರೊಟ್ಟಿಗಿ ಹತ್ತತದವಾ. ಚಿಮಣಿ ಎಣ್ಣಿ ವಾಸನಿ ತಿಂದು ಯಾರು ಹೊಲಕ ಹೋಗಬೇಕು?" ಅನ್ನುತ್ತಿದ್ದಳು.

ಅದಕ್ಕಾಗಿ ಅವಳ ಹತ್ತಿರ ಬಿದಿರಿನ ಒಂದು ಬುಟ್ಟಿ ಇತ್ತು. ಅದರಲ್ಲಿ ಹತ್ತಿ ಕಾಯಿಯ ಒಣ ಸಿಪ್ಪೆ, ಔಡಲ ಕಾಯಿಯ ಸಿಪ್ಪೆ, ಕಾಳು ಬಿಡಿಸಿದ ಗೊಂಜಾಳದ ದಿಂಡು, ಜಜ್ಜಿದ ಬೇವಿನ ಬೀಜ ಎಲ್ಲ ಇರುತ್ತಿದ್ದವು. ಹಳೆಯ ಮಹಬೂಬನಗರ ಜಿಲ್ಲೆ ಔಡಲಕ್ಕೆ ಹೆಸರಾದದ್ದು. ಎಣ್ಣೆ ತುಂಬಿದ ಆ ಬೀಜ ಕಡ್ಡಿಗೆ ಚುಚ್ಚಿ ಹಚ್ಚಿದರೆ ದೀಪದ ಹಾಗೆಯೇ ಉರಿಯುತ್ತದೆ. ಬೇವಿನ ಬೀಜಕ್ಕೂ ಅದೇ ಗುಣ, ಆದರೆ ಕಹಿ ಹೊಗೆ, ಹಾಗಾಗಿ ಬಚ್ಚಲ ಒಲೆಗೆ ಮಾತ್ರ. ಯಾವುದು ಯಾವ ಒಲೆಗೆ ಅನ್ನುವುದನ್ನು ಅವಳು ವಾಸನೆಯಿಂದಲೇ ತೀರ್ಮಾನಿಸುತ್ತಿದ್ದಳು.

ವಾಸನೆಯ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು. ಕೂಸಿಗೆ ಎಣ್ಣೆ ನೀರು ಹಾಕಿದ ಮೇಲೆ ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಅಜವಾನ, ಚೂರು ಲೋಬಾನ ಹಾಕಿ ತಲೆ ಆರಿಸುವುದು ನಮ್ಮ ಕಡೆಯ ಎಲ್ಲ ಮನೆಗಳ ಪದ್ಧತಿ. ಅದರಲ್ಲೂ ಅವ್ವನ ಕಣ್ಣು ಕೆಂಡದ ಮೇಲೇ. ಕೆಂಡ ಕೆಂಪಾಗಿದ್ದರೆ ಲೋಬಾನ ಸುಟ್ಟು ಕಮಟುತ್ತದೆ. ಮೇಲೆ ಬೂದಿ ಕಟ್ಟಿದ ಮೇಲೆ ಹಾಕಿದರೆ ಬೆಳ್ಳಗೆ, ತಣ್ಣಗೆ ಹೊಗೆ ಏಳುತ್ತದೆ. ನನ್ನ ತಂಗಿ ಬಾಣಂತಿಯಾಗಿ ಬಂದಾಗ ಈ ಕೆಲಸ ನನಗೆ ಬಂತು. ಬೂದಿ ಕಟ್ಟುವ ತನಕ ಕಾಯುವುದನ್ನು ಕಲಿತೆ.

ಕಾರ್ತಿಕದಲ್ಲಿ ಬತ್ತಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ರಾಣಿಖೇತದ ಕಾಯಿಗೆ ಮೇಣ ಹಿಡಿಸಿದ್ದು ಈ ಬತ್ತಿಯ ವಿದ್ಯೆಯೇ. ಹತ್ತಿ ಗದ್ವಾಲದಿಂದ ಬರುತ್ತಿತ್ತು. ಅಲ್ಲಿ ನಮ್ಮ ಸೋದರತ್ತೆಯ ಮನೆ. ಗದ್ವಾಲದ ಸುತ್ತ ಹೈಬ್ರಿಡ್ ಹತ್ತಿ ಬೀಜ ಬೆಳೆಯುತ್ತಾರೆ: ಸಂಜೆ ಮೊಗ್ಗಿನ ಕೇಸರ ತೆಗೆದು ಗುರುತು ಮಾಡಿ ಬಿಡುವುದು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವು ತಂದು ಅದರ ಮೇಲೆ ಒರೆಸುವುದು. ಒಂದೊಂದು ಹೂವಿಗೂ ಕೈ ತಾಗಬೇಕು. ಹೊಲದ ಯಜಮಾನರಿಗೆ ಬೇಕಾದದ್ದು ಬೀಜ. ಅರಳೆಯಲ್ಲಿ ಒಂದಿಷ್ಟು ಅತ್ತೆ ನಮಗೆ ಕಳಿಸುತ್ತಿದ್ದಳು. ಉದ್ದ ಎಳೆಯ, ಬೆಳ್ಳನೆಯ ಹತ್ತಿ. ಬೀಜ ಕೈಯಿಂದ ಬಿಡಿಸಿ, ಎಳೆದು ಹಗುರ ಮಾಡಿ, ಅಗಲಿಸಿ, ನಡುವನ್ನು ಹಿಡಿದೆತ್ತಿ, ವಿಭೂತಿ ಹಚ್ಚಿದ ಬೆರಳಿಂದ ತುದಿ ಹೊಸೆದರೆ ಹೂಬತ್ತಿ.

ಮುಂದೆ ತುಪ್ಪ. ತುಪ್ಪ ಕಾಯಿಸಿ ಇಳಿಸಿ ಅವ್ವ ಸುಮ್ಮನೆ ಕೂಡುತ್ತಿದ್ದಳು. ತುಪ್ಪ ಬಿಸಿ ಇದ್ದಾಗ ಅದ್ದಿದರೆ ಹತ್ತಿ ಎಲ್ಲ ಕುಡಿದುಬಿಡುತ್ತದೆ, ಬತ್ತಿ ಕುಸಿದು ಬೀಳುತ್ತದೆ, ತುಪ್ಪವೂ ದಂಡ. ಪೂರ್ತಿ ಆರಿದರೆ ಗಡ್ಡೆ ಕಟ್ಟುತ್ತದೆ. ಬೋಗುಣಿಯ ಅಂಚಿನಲ್ಲಿ ತುಪ್ಪ ಮಬ್ಬಾಗತೊಡಗಿದ ಆ ಸ್ವಲ್ಪ ಹೊತ್ತು ಸರಿಯಾದ ಹೊತ್ತು. ಆಗ ಅದ್ದಿದರೆ ಬತ್ತಿಯ ಮೇಲೆ ಪದರಾಗಿ ನಿಲ್ಲುತ್ತದೆ. ಪಚ್ಚಕರ್ಪೂರದ ಪುಡಿ ಹಾಕುವುದು ಕೂಡ ಆಗಲೇ. ಒಲೆಯ ಮೇಲಿರುವಾಗ ಹಾಕಿದರೆ ಕರ್ಪೂರ ಹಾರಿ ಅಡುಗೆಮನೆಯ ಪಾಲಾಗುತ್ತದೆ, ಬತ್ತಿಯಲ್ಲಿ ಏನೂ ಉಳಿಯುವುದಿಲ್ಲ. ತಾಟಿನಲ್ಲಿ ಸಾಲಾಗಿ ನಿಲ್ಲಿಸಿದ ಬತ್ತಿಗಳು ಕಾರ್ತಿಕದ ತಂಪಿಗೆ ರಾತ್ರಿಯೊಳಗೆ ಗಟ್ಟಿಯಾಗುತ್ತಿದ್ದವು. ಅವನ್ನು ಡಬ್ಬಿಯಲ್ಲಿಟ್ಟುಕೊಂಡು ಪಂಚದೇವಪಾಡಿನ ದಂಡೆಯಿಂದ ಪುಟ್ಟಿ, ಅಂದರೆ ಹರಿಗೋಲು, ಹತ್ತಿ, ನದಿಯ ನಡುವಿನ ಕುರುವಪುರಕ್ಕೆ, ಶ್ರೀಪಾದ ಶ್ರೀವಲ್ಲಭರ ಸನ್ನಿಧಿಗೆ ಹೋಗುತ್ತಿದ್ದೆವು. ಮಕ್ತಲದ ದಂಡೆ ತೆಲಂಗಾಣ, ಕುರುವಪುರ ರಾಯಚೂರು ಜಿಲ್ಲೆ. ಪುಟ್ಟಿಯಲ್ಲಿ ಅರ್ಧ ಜನ ತೆಲುಗು, ಅರ್ಧ ಜನ ಕನ್ನಡ, ಮಾತು ಮಾತ್ರ ಒಂದೇ ಹರಟೆ.

ಗಡಿಯ ವಿಷಯ ಬಂತೆಂದು ಹೇಳುತ್ತೇನೆ. 1956ರ ನವೆಂಬರ್ 1ರ ತನಕ ಗದ್ವಾಲ, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ನಮ್ಮ ಅತ್ತೆಯ ಮಾವನವರು ಕೋರ್ಟು ಕಚೇರಿ ಅಂದರೆ ರಾಯಚೂರು ಅನ್ನುತ್ತಲೇ ತೀರಿಕೊಂಡರು. ನಾವು ಸಂಬಂಧ ಬೆಳೆಸಿದ್ದು, ಉಪ್ಪು ಬೆಲ್ಲ ತಂದದ್ದು, ಹೂವು ಬತ್ತಿ ಕಳಿಸಿದ್ದು ಎಲ್ಲ ಈ ಗೆರೆಗಳು ಬೀಳುವ ಮೊದಲಿನ ದಾರಿಗಳಲ್ಲೇ.

ತೊಂಬತ್ತರ ದಶಕದಲ್ಲಿ ಅಣ್ಣ ಫೌಜಿನಲ್ಲಿದ್ದ. ಒಂದು ಸಲ ಅವನ ಪೋಸ್ಟಿಂಗು ರಾಣಿಖೇತದ ಕಡೆ ಬಿತ್ತು. ರಜೆಗೆ ದಿಲ್ಲಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ರಾಯಚೂರಿಗೆ ಬಂದಿಳಿದು, ಬಸ್ಸಿನಲ್ಲಿ ಮಕ್ತಲಕ್ಕೆ ಬರುತ್ತಿದ್ದ. ಕಪ್ಪು ಟ್ರಂಕಿನಲ್ಲಿ ಕ್ಯಾಂಟೀನಿನ ಸಾಬೂನು, ಅಪ್ಪನಿಗೆ ಉಣ್ಣೆಯ ಸ್ವೆಟರು, ಅವುಗಳ ಸಂದಿಗೊಂದಿಯಲ್ಲೆಲ್ಲ ಕಂದು ಬಣ್ಣದ, ಕಟ್ಟಿಗೆಯಷ್ಟು ಗಟ್ಟಿಯಾದ ಕಾಯಿಗಳು. ಮುಷ್ಟಿಗಿಂತ ದೊಡ್ಡವು. ಪಕಳೆಗಳ ತುದಿ ದಪ್ಪಗೆ, ಸ್ವಲ್ಪ ಹಿಂದಕ್ಕೆ ಬಾಗಿದ್ದವು.

"ಏನೋ ಇದು, ದೇವರಿಗಿಡೋದಾ?" ಅಂತ ಅವ್ವ ಕೇಳಿದಳು.

"ಒಲಿಗಿಡೋದವಾ. ಅಲ್ಲಿ ಹೆಂಗಸರು ಇದನ್ನ ಆರಿಸಿಕೊಂಡು ಬಂದು ಇದರಿಂದಾನ ಬೆಂಕಿ ಹಚ್ಚತಾರ. ಸಾಹೇಬರ ಬಂಗಲೆದಾಗ ಕ್ರಿಸ್‌ಮಸ್‌ಗೆ ಇದನ್ನ ಮೊಂಬತ್ತಿ ಮೇಣದಾಗ ಅದ್ದಿ, ಲವಂಗ ಗಿವಂಗ ಹಾಕಿ ಇಡತಾರ. ಗೋಡಿ ಒಲಿಗಿ ಒಂದು ಒಗದರ ಸಾಕು, ಕೋಣಿ ತುಂಬ ವಾಸನಿ."

ಅವ್ವ ಒಂದು ಕಾಯಿ ತಿರುಗಿಸಿ ತಿರುಗಿಸಿ ನೋಡಿದಳು. ಪಕಳೆಗಳ ಸಂದಿಯಲ್ಲಿ ಬೆರಳು ಹಾಕಿ ಮೂಸಿದಳು. "ಇದು ದೊಡ್ಡ ಹೂಬತ್ತಿ ಆತಲ್ಲೋ" ಅಂದಳು.

ಯಾರೂ ಕಲಿಸದೆ ಅವಳ ಕೈಗೆ ಆ ಕೆಲಸ ಹತ್ತಿದ್ದು ಈ ಮಾತಿನಿಂದ. ಮೊದಲು ಕಾಯಿಗಳನ್ನು ಬ್ರಷ್ಷಿನಿಂದ ಉಜ್ಜಿ ಮಾಳಿಗೆಯ ಮೇಲೆ ಹರಡಿದೆವು. ಹಿಮಾಲಯದ ತಂಪಿನಲ್ಲಿ ಅರ್ಧ ಮುಚ್ಚಿದ್ದವು ಮಕ್ತಲದ ಬಿಸಿಲಿಗೆ ಟಪಟಪನೆ ಸಿಡಿದು ತೆರೆದುಕೊಂಡವು. ಚೀಡ್ ಅನ್ನುವ ಈ ಪೈನ್ ಮರದ ಕಾಯಿ ಬಲಿಯಲು ಸುಮಾರು ಎರಡು ವರ್ಷ ಬೇಕು. ಬಲಿತ ಮೇಲೆ ಒಣ ಹವೆಯಲ್ಲಿ ಪಕಳೆ ಬಿಚ್ಚಿ ರೆಕ್ಕೆ ಬೀಜವನ್ನು ಗಾಳಿಗೆ ಬಿಡುತ್ತದೆ, ಹವೆಯಲ್ಲಿ ನೀರಿದ್ದರೆ ಮುಚ್ಚಿಕೊಳ್ಳುತ್ತದೆ. ಪಕಳೆಯ ಒಳಪದರ ಹೊರಪದರ ನೀರು ಕುಡಿದು ಉಬ್ಬುವ ಪ್ರಮಾಣ ಬೇರೆ ಬೇರೆ, ಆದ್ದರಿಂದ ಕಾಯಿ ಮರದಿಂದ ಬಿದ್ದು ವರ್ಷಗಳಾದರೂ ಈ ತೆರೆಯುವುದು ಮುಚ್ಚುವುದು ನಿಲ್ಲುವುದಿಲ್ಲ. ಅವ್ವ ಒಂದು ಕಾಯಿಯನ್ನು ಅದ್ದದೆ ಕಿಟಕಿಯ ಗೂಡಿನಲ್ಲಿಟ್ಟಳು. ಆಷಾಢದಲ್ಲಿ ಅದು ಬಾಯಿ ಮುಚ್ಚಿಕೊಂಡ ದಿನ ಕೌದಿ ಒಗೆಯಲು ತೆಗೆಯುತ್ತಿರಲಿಲ್ಲ.

ಬೆಂಕಿ ಹಿಡಿಯುವುದಕ್ಕೂ ತೆರೆದ ಕಾಯಿಯೇ ಬೇಕು. ಪಕಳೆ ಪಕಳೆಯ ನಡುವೆ ಗಾಳಿ ಆಡಬೇಕು, ಮೇಣ ಒಳಗಿಳಿಯಬೇಕು. ಮುಚ್ಚಿದ ಕಾಯಿ ಅದ್ದಿದರೆ ಮೇಣ ಹೊರಗಷ್ಟೇ ಹಿಡಿದು, ಹತ್ತಿದಷ್ಟೇ ಬೇಗ ಆರುತ್ತದೆ.

ಮೇಣಕ್ಕೆ ನಮಗೆ ಬರವಿರಲಿಲ್ಲ. ಆ ವರ್ಷಗಳಲ್ಲಿ ಕರೆಂಟು ಹೋಗದ ರಾತ್ರಿಯೇ ಕಡಿಮೆ. ಉರಿದುಳಿದ ಮೊಂಬತ್ತಿಯ ಬುಡಗಳನ್ನು ಅವ್ವ ಒಂದು ಡಬ್ಬಿಗೆ ಹಾಕಿಡುತ್ತಿದ್ದಳು. ಜತೆಗೆ ಹೆಜ್ಜೇನಿನ ಮೇಣ. ಜೇನು ಮಾರಲು ಬರುವವರು ಹಿಂಡಿದ ಹುಟ್ಟನ್ನು ಬಿಟ್ಟುಕೊಡುತ್ತಿದ್ದರು. ಅದನ್ನು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ರಾತ್ರಿ ಬಿಟ್ಟರೆ ಬೆಳಿಗ್ಗೆ ನೀರಿನ ಮೇಲೆ ಹಳದಿ ಬಿಲ್ಲೆ. ಕೊಳೆ ತಳದಲ್ಲಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆಯ ಜತೆ ಕಾಯಿಸಿ ಹಚ್ಚಲು ಅವ್ವ ಇದನ್ನು ಮೊದಲಿಂದಲೂ ಮಾಡುತ್ತಿದ್ದಳು. ಮೊಂಬತ್ತಿಯ ಮೇಣ 60 ಡಿಗ್ರಿಯೊಳಗೇ ಕರಗುತ್ತದೆ. ಜೇನುಮೇಣಕ್ಕೆ 62ರಿಂದ 64 ಡಿಗ್ರಿ ಬೇಕು. ಅಂತರ ಸಣ್ಣದು, ಆದರೆ ಬೇಸಿಗೆಯಲ್ಲಿ 43 ಡಿಗ್ರಿ ಮುಟ್ಟುವ ನಮ್ಮೂರಲ್ಲಿ ಅದು ದೊಡ್ಡದು. ಬರೀ ಮೊಂಬತ್ತಿ ಮೇಣ ಹಿಡಿಸಿದ ಕಾಯಿಗಳು ವೈಶಾಖದಲ್ಲಿ ಮೆತ್ತಗಾಗಿ ಒಂದಕ್ಕೊಂದು ಅಂಟಿ ಕೂಡುತ್ತವೆ. ಜೇನುಮೇಣ ಬೆರೆಸಿದವು ಗಟ್ಟಿಯಾಗಿ ನಿಲ್ಲುತ್ತವೆ. ಹೀಗೆ ಬೆರೆಸಿದ್ದನ್ನು ಗಡಿಗೆಯಲ್ಲಿ, ನಡುವೆ ಬೇವಿನ ಒಣ ಎಲೆ ಹಾಸಿ, ನೆಲಮನೆಯ ತಂಪಿನಲ್ಲಿಡುತ್ತಿದ್ದೆವು.

ಮೇಣವನ್ನು ನೇರ ಒಲೆಯ ಮೇಲಿಡುವಂತಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಹಳೆಯ ಡಾಲ್ಡಾ ಡಬ್ಬಿ, ಡಬ್ಬಿಯಲ್ಲಿ ಮೇಣ. ನೀರು ಎಷ್ಟೇ ಕುದಿದರೂ 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಮೇಣ ಹೊತ್ತಿಕೊಳ್ಳುವಷ್ಟು ಕಾಯುವುದೇ ಇಲ್ಲ. ಆದರೂ ಅವ್ವ ಪಕ್ಕದಲ್ಲಿ ಒಂದು ಮುಚ್ಚಳ ಇಟ್ಟುಕೊಂಡಿರುತ್ತಿದ್ದಳು. ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ಹೇಗೆ ನೀರು ಹಾಕಬಾರದೋ ಮೇಣಕ್ಕೂ ಹಾಕಬಾರದು, ಮುಚ್ಚಿಬಿಡಬೇಕು. ಮಕ್ಕಳನ್ನು ಕೂಡಿಸಿಕೊಂಡು ಮಾಡುವವರು ಇದೊಂದನ್ನು ಮರೆಯಬಾರದು.

ಗದ್ವಾಲದ ಹತ್ತಿಯನ್ನು ದಾರವಾಗಿ ಹೊಸೆದು ಕಾಯಿಯ ಬುಡದಿಂದ ಪಕಳೆಗಳ ಕೆಳಗೆ ಸುತ್ತುತ್ತ ತುದಿಗೆ ತಂದು ಗೇಣುದ್ದ ಬಿಡುವುದು. ಅದೇ ಬತ್ತಿ, ಅದೇ ಹಿಡಿಕೆ. ದಾರ ಹಿಡಿದು ಕಾಯಿಯನ್ನು ಮೇಣದಲ್ಲಿ ಇಳಿಸಿ, ಎತ್ತಿ, ತೊಟ್ಟಿಕ್ಕಲು ಬಿಟ್ಟು, ಮುತ್ತುಗದ ಪತ್ರಾವಳಿಯ ಮೇಲಿಡುವುದು. ಮೊದಲ ಸಲ ಮೇಣ ಚೆನ್ನಾಗಿ ಕಾದಿರಬೇಕು. ನೀರಿನಷ್ಟು ತೆಳ್ಳಗಿದ್ದರೆ ಅದು ಪಕಳೆಯ ಬುಡಕ್ಕೆ ಇಳಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಎರಡನೆಯ ಸಲಕ್ಕೆ ಡಬ್ಬಿಯನ್ನು ಕೆಳಗಿಳಿಸಿ ಸ್ವಲ್ಪ ಆರಿಸಬೇಕು. ಮೂರನೆಯದಕ್ಕೆ ಡಬ್ಬಿಯ ಅಂಚಿನಲ್ಲಿ ಮೇಣ ಮಬ್ಬಾಗತೊಡಗಬೇಕು. ಅವ್ವ ತುಪ್ಪದ ಬೋಗುಣಿಯ ಮುಂದೆ ಕೂತ ಹಾಗೆಯೇ ಡಾಲ್ಡಾ ಡಬ್ಬಿಯ ಮುಂದೆ ಸುಮ್ಮನೆ ಕೂತಳು. ನಾನು ಅವಸರ ಮಾಡಿದರೆ "ಅಂಚು ನೋಡು, ನಡು ನೋಡಬ್ಯಾಡ" ಅನ್ನುತ್ತಿದ್ದಳು. ಮೂರನೆಯ ಅದ್ದಿನಲ್ಲಿ ಮೇಣ ದಪ್ಪಗೆ, ಬೆಳ್ಳಗೆ ಪಕಳೆಯ ತುದಿಯಲ್ಲಿ ನಿಂತುಬಿಟ್ಟಿತು. ಹಿಮ ನೋಡಿ ಬಂದಿದ್ದ ಅಣ್ಣ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಕ್ಕ.

ಪರಿಮಳದ ಪಾಲು ಸುಲಭದ್ದಲ್ಲ. ಕಾದ ಮೇಣಕ್ಕೆ ಪುಡಿ ಹಾಕಿದರೆ ತಳಕ್ಕಿಳಿಯುತ್ತದೆ. ಕರ್ಪೂರ ಹಾರುತ್ತದೆ, ಜತೆಗೆ ಅದರ ಉರಿ ಬಲು ಜೋರು. ಒಣಗಿಸಿದ ಮರುಗ, ದವನ ಮೇಣದಲ್ಲಿ ಮುಳುಗಿದರೆ ಸತ್ತೇಹೋಗುತ್ತವೆ. ಅವ್ವ ಇದನ್ನು ಹೀಗೆ ಬಗೆಹರಿಸಿದಳು: ಕರಗುವಂಥದ್ದು ಮೊದಲ ಪದರಕ್ಕೆ, ಕರಗದ್ದು ಎರಡು ಪದರಗಳ ನಡುವೆ, ಹಾರುವಂಥದ್ದು ಕೊನೆಗೆ. ಲೋಬಾನದ ಹರಳನ್ನು ರವೆಯ ಹಾಗೆ ಕುಟ್ಟಿ, ಎರಡನೆಯ ಅದ್ದು ಇನ್ನೂ ಹಸಿ ಇರುವಾಗ ಉದುರಿಸಿ, ಮೇಲೆ ಮೂರನೆಯ ಅದ್ದು ಕೊಟ್ಟರೆ ಒಳಗೆ ಸಿಕ್ಕಿಕೊಳ್ಳುತ್ತದೆ. ಲವಂಗ, ದಾಲ್ಚಿನ್ನಿ ಚಕ್ಕೆ, ನಾಗಪುರದ ಕಿತ್ತಳೆಯ ಒಣ ಸಿಪ್ಪೆ ಪಕಳೆಯ ಸಂದಿಗೆ. ಕಿತ್ತಳೆ ಸಿಪ್ಪೆಯನ್ನು ದೀಪದ ಮುಂದೆ ಹಿಂಡಿ ಕಿಡಿ ಹಾರಿಸುವುದು ಮಕ್ಕಳ ಆಟ. ಆ ಎಣ್ಣೆಯೇ ಇಲ್ಲಿ ಉರಿಗೂ ಪರಿಮಳಕ್ಕೂ ಆಗುತ್ತದೆ.

ಮೊದಲ ಪದರಕ್ಕೆ ಏನು ಅನ್ನುವುದು ಗೊತ್ತಾದದ್ದು ನಾರಾಯಣಪೇಟೆಯಲ್ಲಿ. ಚೌಕಳಿಯ, ಗೋಪುರದ ಅಂಚಿನ ಅಲ್ಲಿಯ ನೂಲಿನ ಸೀರೆ ಅವ್ವನ ದಿನದ ಉಡುಗೆ. ಸೀರೆ ತರಲು ಹೋದಾಗಲೆಲ್ಲ ಗಿಡಮೂಲಿಕೆ ಮಾರುವ ಒಂದು ಹಳೆಯ ಅಂಗಡಿಗೆ ಹೋಗುವುದಿತ್ತು. ಅಂಗಡಿಯ ಹಿರಿಯರಿಗೆ ಅವ್ವ ಒಂದು ಕಾಯಿ ತೋರಿಸಿ ಏನು ಹಾಕಿದರೆ ಚೆನ್ನ ಅಂತ ಕೇಳಿದಳು. ಅವರು ಮೂಸಿ ನೋಡಿ, ಒಳಗೆ ಹೋಗಿ, ಜೇನಿನ ಬಣ್ಣದ ಅಂಟು ಗಡ್ಡೆಯೊಂದನ್ನು ಕಾಗದದಲ್ಲಿ ತಂದು ಮುಂದಿಟ್ಟರು. ಗಂಧಬಿರೋಜ. "ಇದೇ ಮರದ್ದು ತಾಯಿ. ಉತ್ತರದ ಗುಡ್ಡದಿಂದ ಬರತದ. ಗಾಯದ ಮುಲಾಮಿಗಿ ಕೊಡತೀವಿ, ಧೂಪಕ್ಕೂ ಒಯ್ಯತಾರ."

ಅಂದರೆ ನಮ್ಮಲ್ಲಿಲ್ಲ ಅಂದುಕೊಂಡಿದ್ದ ಮರದ ಅಂಟು ನಾರಾಯಣಪೇಟೆಯ ಅಂಗಡಿಯಲ್ಲಿ ಯಾವ ಕಾಲದಿಂದಲೋ ಇತ್ತು. ಹಿಮಾಲಯದ ಆ ಮರ ಸಂಸ್ಕೃತದಲ್ಲಿ ಸರಲ. ಕಾಳಿದಾಸ 'ಕುಮಾರಸಂಭವ'ದ ಮೊದಲ ಸರ್ಗದಲ್ಲೇ, ಆನೆಗಳು ಮೈ ತಿಕ್ಕಿದ ಸರಲ ಮರಗಳ ಹಾಲಿನಿಂದ ಗುಡ್ಡದ ಇಳಿಜಾರು ಘಮಘಮಿಸುವುದನ್ನು ಹೇಳಿದ್ದಾನೆ. ಅದೇ ಹಾಲಿನಿಂದ ಟರ್ಪೆಂಟೈನ್ ಬಟ್ಟಿ ಇಳಿಸುತ್ತಾರೆ, ಉಳಿದ ರಾಳವನ್ನು ಸಾಬೂನಿನಿಂದ ಹಿಡಿದು ಪಿಟೀಲಿನ ಕಮಾನಿನ ತನಕ ಬಳಸುತ್ತಾರೆ. ಬಿರೋಜ ಕಾದ ಮೇಣದಲ್ಲಿ ಕರಗಿ ಬೆರೆತುಹೋಯಿತು, ಮೇಣವನ್ನು ಇನ್ನಷ್ಟು ಗಟ್ಟಿ ಮಾಡಿತು. ಮೊದಲ ಪದರಕ್ಕೆ ಅದು ನಿಂತಿತು. ತನ್ನದೇ ಮರದ ಅಂಟನ್ನು ಕಾಯಿಗೆ ತಿರುಗಿ ಕೊಟ್ಟ ಹಾಗಾಯಿತು ಅಂತ ಅವ್ವನಿಗೆ ಅದರಲ್ಲಿ ಬಹಳ ಸಂತೋಷ.

ನೆರೆಮನೆಯ ಖಾಲಾ ಈ ಕೆಲಸ ನೋಡಲು ಬಂದು ಕೂಡುತ್ತಿದ್ದಳು. ಅವಳ ಹತ್ತಿರ ಹೈದರಾಬಾದಿನ ಚಾರ್‌ಮಿನಾರ್ ಕಡೆಯ ಅತ್ತರಿನ ಸಣ್ಣ ಸೀಸೆ ಇತ್ತು. ಅದರ ಒಂದು ಹನಿ ಕೇಳೋಣವೇ ಅಂತ ನಾನು ಅಂದರೆ ಅವಳೇ ತಡೆದಳು. "ಅತ್ತರು ಮೈಗಿ ಹಚ್ಚೋದು ಬೇಟಿ, ಸುಡಬಾರದು. ಸುಡೋದಕ್ಕ ಊದು ಅದ." ಮರುದಿನ ಮೊಹರಮ್ಮಿಗೆಂದು ಇಟ್ಟಿದ್ದ ಊದಿನ ಪುಡಿಯನ್ನೇ ತಂದುಕೊಟ್ಟಳು. ನಮ್ಮ ಕಡೆ ಮೊಹರಮ್ ಊರಿಗೆಲ್ಲ ಸೇರಿದ ಹಬ್ಬ. ಅಲಾಯಿ ಕುಣಿಯ ಸುತ್ತ ಎಲ್ಲರೂ ಕುಣಿಯುತ್ತಾರೆ, ಪೀರುಗಳ ಮುಂದೆ ಎಲ್ಲರೂ ಊದು ಹಾಕುತ್ತಾರೆ. ಖಾಲಾ ಕೊಟ್ಟ ಪುಡಿ ಹಾಕಿದ ಕಾಯಿಗಳನ್ನು ಅವ್ವ ಬೇರೆ ಇಟ್ಟು ಅವಳ ಮನೆಗೇ ಕಳಿಸಿದಳು.

ಬಣ್ಣದ ಆಸೆ ನನ್ನದು. ಗದ್ವಾಲದ ಮಾವ ಮಗ್ಗದವರು. ಗದ್ವಾಲ ಸೀರೆಯ ಮೈ ಹತ್ತಿ, ಅಂಚು ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೇ ಒಂದಕ್ಕೊಂದು ಸಿಕ್ಕಿಸಿ ನೇಯುವುದನ್ನು ಕುಪ್ಪಡಂ ಅನ್ನುತ್ತಾರೆ. ಆ ರೇಷ್ಮೆಯ ಕೆಂಪು, ಆ ಹಸಿರು ಮೇಣಕ್ಕೂ ಬಂದರೆ ಅಂತ ಕೇಳಿದೆ. ಮಾವ ತಲೆ ಅಲ್ಲಾಡಿಸಿದರು. "ನೂಲಿನ ಬಣ್ಣ ನೀರಿನ ಜಾತಿದು. ಎಣ್ಣೆ ಜಾತಿದರಾಗ ಕರಗಂಗಿಲ್ಲ, ತಳಕ್ಕ ಕೂಡತದ." ಕೊನೆಗೆ ಮಕ್ಕಳ ಮೇಣದ ಬಣ್ಣದ ಕಡ್ಡಿಯ ತುಂಡು ಹಾಕಿದೆವು. ಅದು ಕರಗಿತು.

ಅಣ್ಣನ ಕಾಗದದಲ್ಲಿ ಇನ್ನೊಂದು ಸುದ್ದಿ ಬಂತು. ಕಾಯಿಯನ್ನು ಮೈಲುತುತ್ತದ ನೀರಿನಲ್ಲಿ ನೆನೆಸಿ ಒಣಗಿಸಿ ಹಚ್ಚಿದರೆ ಉರಿ ಹಸಿರಾಗಿ ಏಳುತ್ತದಂತೆ. ನಿಜವೇ, ತಾಮ್ರದ ಲವಣ ಉರಿಗೆ ಬಿದ್ದರೆ ಹಸಿರು, ಅಡುಗೆ ಉಪ್ಪು ಬಿದ್ದರೆ ಹಳದಿ. ಮೈಲುತುತ್ತ ಗಿಡಗಳ ರೋಗಕ್ಕೆ ಸುಣ್ಣದ ಜತೆ ಹೊಡೆಯಲು ನಮ್ಮ ಕೊಟ್ಟಿಗೆಯಲ್ಲೇ ಇತ್ತು. ಅವ್ವ ಕಾಗದ ಕೇಳಿ ಮುಗಿಸಿ ಒಂದೇ ಮಾತು ಅಂದಳು: "ವಿಷ ಒಲಿಗಿ ಬ್ಯಾಡ." ಈಗಲೂ ನನ್ನದು ಅದೇ ಮಾತು. ಅಲಂಕಾರಕ್ಕೆಂದು ಅಂಥ ಕಾಯಿಗಳನ್ನು ಮಾರುತ್ತಾರೆ, ನೋಡಲು ಚೆಂದ ಇರಬಹುದು. ಅನ್ನ ಬೇಯುವ, ಕೂಸಿನ ನೀರು ಕಾಯುವ ಕಡೆ ಆ ಹೊಗೆಗೆ ಏನು ಕೆಲಸ?

ಹಂಡೆಯ ಒಲೆಯಲ್ಲಿ ಮೊದಲ ಕಾಯಿ ಇಟ್ಟದ್ದು ಪುಷ್ಯದ ಒಂದು ಬೆಳಗಿನ ಜಾವ. ಬುಡದಲ್ಲಿ ಕಾಯಿ, ಮೇಲೆ ಗೂಡು ಕಟ್ಟಿದ ಹಾಗೆ ತೊಗರಿ ಕಟ್ಟಿಗೆ, ಅದರ ಮೇಲೆ ಜಾಲಿ. ಬತ್ತಿಗೆ ಕಡ್ಡಿ ತಾಗಿಸಿದಾಗ ಉರಿ ದಾರದ ಗುಂಟ ಸುತ್ತಿಕೊಂಡು ಇಳಿಯಿತು, ಪಕಳೆಗಳು ಒಂದೊಂದಾಗಿ ಹಿಡಿದವು. ಊದುಗೊಳವೆ ಮುಟ್ಟಲೇ ಇಲ್ಲ. ಕಾಲು ಗಂಟೆಯ ತನಕ ಒಂದೇ ಕಾಯಿ ಉರಿಯಿತು, ಅಷ್ಟರಲ್ಲಿ ಜಾಲಿ ಹತ್ತಿಕೊಂಡಿತ್ತು. ಮೊದಲು ಕಿತ್ತಳೆ, ಆಮೇಲೆ ಲವಂಗ, ಜಾಲಿಗೆ ಬೆಂಕಿ ತಾಗುವ ಹೊತ್ತಿಗೆ ಲೋಬಾನ. ಪದರಗಳನ್ನು ಅವ್ವ ಇಟ್ಟ ಕ್ರಮಕ್ಕೆ ಸರಿಯಾಗಿ ವಾಸನೆಗಳು ಒಂದರ ಹಿಂದೊಂದು ಹೊರಬಂದವು. ಸ್ನಾನಕ್ಕೆ ಬಂದ ಅಪ್ಪ "ಇವತ್ತು ಯಾವ ಹಬ್ಬ?" ಅಂತ ಕೇಳಿದರು.

ಅಣ್ಣನ ಪೋಸ್ಟಿಂಗು ಬದಲಾದ ಮೇಲೆ ಕಾಯಿ ಬರುವುದು ನಿಂತಿತು. ಕೆಲಸ ನಿಲ್ಲಲಿಲ್ಲ. ಅವ್ವ ತನ್ನ ಹಳೆಯ ಬುಟ್ಟಿಗೇ ತಿರುಗಿದಳು. ಗೊಂಜಾಳದ ದಿಂಡು ಎಲ್ಲಕ್ಕಿಂತ ಚೆನ್ನಾಗಿ ಬಂತು. ಕಾಳು ಕಿತ್ತ ಗುಳಿಗಳಲ್ಲಿ ಮೇಣ ನಿಲ್ಲುತ್ತದೆ, ನಡುವಿನ ಬೆಂಡು ಮೇಣ ಹೀರುತ್ತದೆ, ಬೆಂಡಿನಲ್ಲೇ ತೂತು ಮಾಡಿ ಬತ್ತಿ ಇಳಿಸಬಹುದು. ಪೈನ್ ಕಾಯಿಗಿಂತ ಹೆಚ್ಚು ಹೊತ್ತು ಉರಿಯುತ್ತದೆ ಅನ್ನುವುದು ನನ್ನ ಅನುಭವ. ಬಾಯಿಬಿಟ್ಟ ಹತ್ತಿಕಾಯಿಯ ಸಿಪ್ಪೆ ನೋಡಲು ಹೂವಿನ ಹಾಗಿರುತ್ತದೆ, ಆದರೆ ಹಗುರ. ಒಂದು ದಾರಕ್ಕೆ ನಾಲ್ಕೈದು ಪೋಣಿಸಿ ಅದ್ದಬೇಕು. ನಾರಾಯಣಪೇಟೆಯಿಂದ ಬಿರೋಜ ತರುವುದು ಮಾತ್ರ ತಪ್ಪಲಿಲ್ಲ.

1999ರಲ್ಲಿ ಆಂಧ್ರದ ಸರ್ಕಾರ ಮಹಿಳಾ ಸಂಘಗಳ ಮೂಲಕ ದೀಪಂ ಯೋಜನೆಯಲ್ಲಿ ಗ್ಯಾಸ್ ಕೊಡತೊಡಗಿತು. ಮುಂದೆ ನಮ್ಮ ಓಣಿಗೂ ಸಿಲಿಂಡರುಗಳು ಬಂದವು. ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡ ಹೆಂಗಸರಿಗೆ ಅದು ದೊಡ್ಡ ಉಪಕಾರ; ಕಟ್ಟಿಗೆಯ ಒಲೆಯೇ ಚೆನ್ನಾಗಿತ್ತು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅವ್ವನೂ ಅಡುಗೆಮನೆಯ ಒಲೆಯನ್ನು ಸಂತೋಷದಿಂದಲೇ ಬಿಟ್ಟಳು. ಹಂಡೆಯ ಒಲೆ ಅವಳಿರುವ ತನಕ ಉಳಿಯಿತು. ಈಗ ಅಲ್ಲಿ ಗೀಸರ್ ಇದೆ. ನಾನು ಸಂಕ್ರಾಂತಿಯ ಹಿಂದಿನ ದಿನ ಭೋಗಿ ಬೆಂಕಿಗೆ ಅಂತ ಒಂದಿಷ್ಟು ದಿಂಡು ಅದ್ದಿ ಇಡುತ್ತೇನೆ. ಓಣಿಯ ಮಕ್ಕಳು ಡಬ್ಬಿಯ ಸುತ್ತ ಕೂಡುತ್ತಾರೆ. ಅಂಚು ನೋಡಿ ಅನ್ನುತ್ತೇನೆ.

ಹೋದ ಡಿಸೆಂಬರಿನಲ್ಲಿ ಅಣ್ಣನ ಮಗಳು ಫೋನು ಮಾಡಿದಳು. ಅವಳಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಅಲ್ಲಿಯ ರಾಜ್ಯವೃಕ್ಷವೇ ಕೆಂಪು ಪೈನ್. ಮನೆಯ ಹಿಂದೆ ಕಾಯಿಗಳು ರಾಶಿ ಬಿದ್ದಿವೆಯಂತೆ, ಸಣ್ಣವು, ಕೋಳಿಮೊಟ್ಟೆಯಷ್ಟು. ಮನೆಯಲ್ಲಿ ಅಗ್ಗಿಷ್ಟಿಕೆ ಇದೆ. ಆಯಿ, ಅಂದರೆ ನಮ್ಮ ಅವ್ವ, ಮಾಡುತ್ತಿದ್ದ ಹಾಗೆ ಮಾಡಬೇಕು ಅಂತ ಅವಳ ಆಸೆ.

"ಅತ್ತೆ, ಇಲ್ಲಿ ಬಿಸಿಲೇ ಇಲ್ಲ. ಕಾಯಿ ಎಲ್ಲ ಮುಚ್ಚಿಕೊಂಡವ."

ಓವನ್ನಿನಲ್ಲಿ ಹಾಕು, ನೂರು ಡಿಗ್ರಿ ಮೀರಿಸಬೇಡ, ಒಂದು ತಾಸು ಬಿಡು, ಎದ್ದು ಬೇರೆ ಕಡೆ ಹೋಗಬೇಡ, ಅಂದೆ. ಒಳಗಿನ ಹುಳ ಹುಪ್ಪಟೆಯೂ ಹೋಗುತ್ತದೆ, ಅಂಟೂ ಹರಡಿ ಒಣಗುತ್ತದೆ. ಅಲ್ಲಿ ಸೋಯಾ ಮೇಣ ಸಿಗುತ್ತದಂತೆ. ಅದು ಮೆತ್ತಗೆ, ಜೇನುಮೇಣ ಬೆರೆಸು ಅಂದೆ. ಲೋಬಾನ ನಾನು ಕಳಿಸಬೇಕೇ ಅಂದರೆ ಬೇಡ, ಇಲ್ಲಿ ಸೋಮಾಲಿ ಅಂಗಡಿಯಲ್ಲಿ ಅದೇ ವಾಸನೆಯದು ಇದೆ, ಕೊಂಡು ತಂದೆ, ಅಂದಳು. ಧೂಪದ ಅಂಟು ಕೊಡುವ ಮರಗಳು ಸೋಮಾಲಿಯಾದಲ್ಲೂ ಇವೆ, ನಲ್ಲಮಲದ ಕಾಡಿನಲ್ಲೂ ಇವೆ. ಸೋಮಾಲಿ ಹೆಂಗಸರೂ ಕೆಂಡದ ಮೇಲೆ ಅದನ್ನು ಹಾಕಿ ಮನೆಗೆ ಹೊಗೆ ಹಿಡಿಯುತ್ತಾರಂತೆ. ಅಂಗಡಿಯಾಕೆ ಅವಳಿಗೆ ಕೆಂಡಕ್ಕೆ ಬೂದಿ ಕಟ್ಟುವ ತನಕ ಕಾಯಬೇಕು ಅಂತ ಹೇಳಿಕೊಟ್ಟಳಂತೆ.

"ದಾಲ್ಚಿನ್ನಿ ಪುಡಿ ಡಬ್ಬಿನೇ ಇದೆ, ಅದನ್ನ ಮೇಣಕ್ಕ ಹಾಕಲಾ?"

"ಪುಡಿ ಬ್ಯಾಡ ತಾಯಿ, ತಳಕ್ಕಿಳೀತದ. ಚಕ್ಕಿ ಮುರದು ಸಂದಿಗಿಡು. ಎರಡನೆ ಅದ್ದು ಹಸಿ ಇದ್ದಾಗ ಲೋಬಾನ ಉದುರಿಸು. ಮೂರನೇದಕ್ಕ ಎಷ್ಟು ಆರಿರಬೇಕು ಅನ್ನೋದು ಫೋನಿನಾಗ ಹೇಳಾಕ ಬರಂಗಿಲ್ಲ, ಡಬ್ಬಿ ಒಲಿ ಮ್ಯಾಗಿಂದ ಇಳಿಸಿದ ಮ್ಯಾಲ ವಿಡಿಯೊ ಹಚ್ಚು, ನಾನು ನೋಡತೀನಿ."